ಹೆಸರು ಒಂದೇ ಆದ ಮಾತ್ರಕ್ಕೆ ಫೋಟೊ ಒಂದೇ ಅಲ್ಲ

ಮದುವೆ ಮುಗಿಸಿ ಬಂದ ರಾತ್ರಿ ಎರಡು ಕ್ಯಾಮೆರಾಗಳ ಕಾರ್ಡನ್ನು ಒಂದೇ ಫೋಲ್ಡರಿಗೆ ಸುರಿಯುವಾಗ ವಿಂಡೋಸ್ ನಡುವೆ ನಿಂತು ಕೇಳುತ್ತದೆ: ಇದೇ ಹೆಸರಿನ 214 ಫೈಲುಗಳು ಇಲ್ಲಿ ಆಗಲೇ ಇವೆ, ಏನು ಮಾಡಲಿ? ಮೂರು ದಾರಿ ಕೊಡುತ್ತದೆ. ರೀಪ್ಲೇಸ್, ಸ್ಕಿಪ್, ಇಲ್ಲವೇ ಒಂದೊಂದನ್ನೂ ನೋಡಿ ನಿರ್ಧರಿಸುವುದು. ನಿದ್ದೆಗಣ್ಣಿನಲ್ಲಿ ಎಷ್ಟೋ ಜನ ‘ಇದ್ದದ್ದೇ ಮತ್ತೆ ಬರ್ತಿದೆ’ ಅಂದುಕೊಂಡು ಸ್ಕಿಪ್ ಒತ್ತುತ್ತಾರೆ. ಆದರೆ ಆ 214 ಇದ್ದದ್ದಲ್ಲ, ಎರಡನೇ ಕ್ಯಾಮೆರಾದವರು ಬೇರೆ ಮೂಲೆಯಿಂದ ತೆಗೆದ ಬೇರೆಯೇ ಫೋಟೊಗಳು. ಮುಂದಿನ ಮದುವೆಗೆ ಕಾರ್ಡ್ ಫಾರ್ಮ್ಯಾಟ್ ಆದಾಗ ಅವು ಹೋದವು. ರೀಪ್ಲೇಸ್ ಒತ್ತಿದ್ದರೆ ಮೊದಲನೇ ಕ್ಯಾಮೆರಾದವು ಹೋಗುತ್ತಿದ್ದವು. ಹಾಗೆ ಮೇಲೆ ಬರೆಸಿಕೊಂಡ ಫೈಲು ರೀಸೈಕಲ್ ಬಿನ್ನಿನಲ್ಲೂ ಸಿಗುವುದಿಲ್ಲ.

ಡೂಪ್ಲಿಕೇಟ್ ಫೋಟೊ ಅಂದ ಕೂಡಲೇ ಎಲ್ಲರೂ ಹೇಳುವುದು ಡಿಸ್ಕ್ ತುಂಬಿದ ಕಥೆ. ಅದು ನಿಜವೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು (ಸಂಸ್ಕರಿಸದ ಕಚ್ಚಾ ಫೈಲು) 28 ಎಂಬಿ ಅಂತ ಹಿಡಿದರೂ 4000 ಫ್ರೇಮಿನ ಮದುವೆಗೆ 112 ಜಿಬಿ ಬೇಕು, ಗೊತ್ತಿಲ್ಲದೆ ಎರಡು ಸಲ ಇಳಿಸಿದರೆ ಇನ್ನೊಂದು 112. ಆದರೆ ಜಾಗವನ್ನು ದುಡ್ಡು ಕೊಟ್ಟು ತರಬಹುದು. ನಕಲು ಅಂತ ತಪ್ಪು ತಿಳಿದು ಬಿಟ್ಟುಹೋದ ಅಥವಾ ಅಳಿಸಿಹಾಕಿದ ಅಸಲನ್ನು ಎಲ್ಲಿಂದ ತರುವುದು? ಅದಕ್ಕೇ ಹೇಳುತ್ತಿದ್ದೇನೆ, ನಕಲು ಹೌದೋ ಅಲ್ಲವೋ ಅನ್ನುವುದನ್ನು ಹೆಸರು ನೋಡಿ ತೀರ್ಮಾನಿಸಬೇಡಿ. ಮತ್ತು ಈ ಕೆಲಸವನ್ನು ಫೋಟೊ ಒಳಗೆ ಬರುವ ಬಾಗಿಲಲ್ಲೇ ಮಾಡಿ ಮುಗಿಸಿ, ಐದು ವರ್ಷ ಗುಡ್ಡೆ ಹಾಕಿ ಆಮೇಲೆ ಗುಡಿಸುವ ಯೋಚನೆ ಬೇಡ.

ಹೆಸರು ಯಾಕೆ ಡಿಕ್ಕಿ ಹೊಡೆಯುತ್ತದೆ? ಕ್ಯಾಮೆರಾಗಳು ಡಿಸಿಎಫ್ ಎಂಬ ಒಂದು ನಿಯಮವನ್ನು ಪಾಲಿಸುತ್ತವೆ. ಕಾರ್ಡಿನಲ್ಲಿ ಡಿಸಿಐಎಂ ಎಂಬ ಫೋಲ್ಡರ್, ಅದರೊಳಗೆ 100ರಿಂದ 999ರ ತನಕದ ಅಂಕಿಯಿಂದ ಶುರುವಾಗುವ ಉಪಫೋಲ್ಡರುಗಳು, ಅವುಗಳೊಳಗೆ ಎಂಟೇ ಅಕ್ಷರದ ಫೈಲ್ ಹೆಸರು. ಮೊದಲ ನಾಲ್ಕು ಕ್ಯಾಮೆರಾದ್ದು: ಕ್ಯಾನನ್ ಆದರೆ ‘ಐಎಂಜಿ_’, ನಿಕಾನ್ ಆದರೆ ‘ಡಿಎಸ್‌ಸಿ_’. ಉಳಿದ ನಾಲ್ಕು ಅಂಕಿ, 0001ರಿಂದ 9999. ಅಲ್ಲಿಗೆ ಮುಟ್ಟಿದ ಮೇಲೆ ಮತ್ತೆ 0001. ಒಂದು ಮದುವೆಗೆ ಒಂದು ಬಾಡಿಯಲ್ಲಿ, ಅಂದರೆ ಒಂದು ಕ್ಯಾಮೆರಾದಲ್ಲಿ, 3000 ಸಲ ಕ್ಲಿಕ್ ಮಾಡುವವರಿಗೆ ನಾಲ್ಕನೇ ಮದುವೆಯಲ್ಲೇ ಹಳೇ ಹೆಸರು ತಿರುಗಿ ಬರುತ್ತದೆ. ಒಂದೇ ಕಂಪನಿಯ ಎರಡು ಬಾಡಿ ಇಟ್ಟುಕೊಂಡವರಿಗಂತೂ ಆರತಕ್ಷತೆ ಮುಗಿಯುವ ಮೊದಲೇ ಬರಬಹುದು.

ಮೊದಲ ರಿಪೇರಿ ಕ್ಯಾಮೆರಾದಲ್ಲೇ ಆಗಬೇಕು. ಕ್ಯಾನನ್‌ನ ಮೆನುವಿನಲ್ಲಿ ಫೈಲ್ ನಂಬರಿಂಗ್ ಎಂಬುದಿದೆ. ಅದು ಆಟೊ ರೀಸೆಟ್‌ನಲ್ಲಿದ್ದರೆ ಖಾಲಿ ಕಾರ್ಡ್ ಹಾಕಿದಾಗಲೆಲ್ಲ 0001ರಿಂದ ಶುರು. ಅದನ್ನು ಕಂಟಿನ್ಯುಯಸ್‌ಗೆ ಇಡಿ. ನಿಕಾನ್‌ನಲ್ಲಿ ಫೈಲ್ ನಂಬರ್ ಸೀಕ್ವೆನ್ಸ್ ಆನ್ ಆಗಿರಲಿ. ಜೊತೆಗೆ ನಿಕಾನ್‌ನಲ್ಲಿ ಫೈಲ್ ನೇಮಿಂಗ್ ಮೆನುವಿಗೆ ಹೋಗಿ ‘ಡಿಎಸ್‌ಸಿ’ ಎಂಬ ಮೂರಕ್ಷರವನ್ನು ಬದಲಾಯಿಸಬಹುದು. ಎರಡು ಬಾಡಿಗೆ ಎರಡು ಬೇರೆ ಅಕ್ಷರ ಕೊಟ್ಟರೆ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮ: ಕಂಟಿನ್ಯುಯಸ್ ಇಟ್ಟಿದ್ದರೂ, ಬೇರೆ ಕ್ಯಾಮೆರಾದ ಫೋಟೊ ಉಳಿದಿರುವ ಕಾರ್ಡ್ ಹಾಕಿದರೆ ಎಣಿಕೆ ಆ ಕಾರ್ಡಿನಲ್ಲಿರುವ ದೊಡ್ಡ ಸಂಖ್ಯೆಯಿಂದ ಮುಂದುವರಿಯಬಹುದು. ಕಾರ್ಡ್ ಅದಲುಬದಲು ಮಾಡುವ ಮೊದಲು ಹಾಕುವ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳಿ.

ಇನ್ನು ಕಂಪ್ಯೂಟರಿಗೆ ಇಳಿಸುವುದು. ಒಂದು ಕಾರ್ಡಿಗೆ ಒಂದು ಫೋಲ್ಡರ್. ‘20250511_ಕ್ಯಾಮೆರಾಎ_ಕಾರ್ಡ್1’ ಅಂತ ಬರೆದು, ಡಿಸಿಐಎಂ ಒಳಗಿರುವುದನ್ನು ಇದ್ದ ಹಾಗೇ ಅದಕ್ಕೆ ಕಾಪಿ ಮಾಡಿ. ಎರಡು ಕಾರ್ಡು ಒಂದೇ ಫೋಲ್ಡರಿಗೆ ಬೀಳದಿದ್ದರೆ ವಿಂಡೋಸ್ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಕೇಳಿತು ಅಂದರೆ ಅದನ್ನು ಎಚ್ಚರಿಕೆ ಅಂತ ತಿಳಿಯಿರಿ, ಎಲ್ಲೋ ಕೈ ತಪ್ಪಿದೆ. ಆಗ ಮೂರನೇ ಆಯ್ಕೆ ಒತ್ತಿ. ಎರಡು ಸಾಲಿನಲ್ಲಿ ಚಿತ್ರ, ದಿನಾಂಕ, ಗಾತ್ರ ಎಲ್ಲ ಎದುರುಬದುರು ಬರುತ್ತವೆ. ಕೆಳಗೆ ಎಡಮೂಲೆಯಲ್ಲಿ ದಿನಾಂಕವೂ ಗಾತ್ರವೂ ಒಂದೇ ಇರುವ ಫೈಲುಗಳನ್ನು ಬಿಟ್ಟುಬಿಡುವ ಒಂದು ಚಿಕ್ಕ ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ನಿಜವಾದ ನಕಲುಗಳು ಪಟ್ಟಿಯಿಂದ ಹೋಗುತ್ತವೆ. ಉಳಿದವಕ್ಕೆ ಎರಡೂ ಕಡೆ ಟಿಕ್ ಹಾಕಿ, ಎರಡೂ ಉಳಿಯುತ್ತವೆ, ಹೊಸದರ ಹೆಸರಿನ ಕೊನೆಗೆ ಆವರಣದಲ್ಲಿ ಒಂದು ಅಂಕಿ ಸೇರುತ್ತದೆ.

ಕಾಪಿ ಆದ ಮೇಲೆ ಕಾರ್ಡಿನ ಮತ್ತು ಡಿಸ್ಕಿನ ಫೋಲ್ಡರುಗಳ ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ, ಒಟ್ಟು ಬೈಟುಗಳು ಎರಡೂ ತಾಳೆಯಾಗುತ್ತವೆಯೇ ನೋಡಿ. ಟೆರಾಕಾಪಿಯಂಥ ತಂತ್ರಾಂಶ ಬಳಸಿದರೆ ವೆರಿಫೈ ಆಯ್ಕೆ ಒಂದೊಂದು ಫೈಲನ್ನೂ ತಾಳೆ ನೋಡಿಕೊಡುತ್ತದೆ. ಎರಡು ಬೇರೆ ಡಿಸ್ಕಿನಲ್ಲಿ ಪ್ರತಿ ಇಲ್ಲದೆ ಕಾರ್ಡ್ ಫಾರ್ಮ್ಯಾಟ್ ಮಾಡಲೇಬೇಡಿ.

ಹೆಸರು ಬದಲಾಯಿಸುವಾಗ ಬಹಳ ಜನ ಎಡವುವ ಕಲ್ಲೊಂದಿದೆ. ತೆಗೆದ ದಿನಾಂಕ, ಗಂಟೆ, ನಿಮಿಷ, ಸೆಕೆಂಡನ್ನೇ ಹೆಸರಾಗಿಸಿದರೆ ಎರಡು ಫೋಟೊಗೆ ಒಂದೇ ಹೆಸರು ಬರಲಾರದು ಅಂತ ನಂಬಿಬಿಡುತ್ತಾರೆ. ಎಕ್ಸಿಫ್‌ನಲ್ಲಿ (ಕ್ಯಾಮೆರಾ ಫೋಟೊ ಫೈಲಿನೊಳಗೇ ಬರೆದಿಡುವ ವಿವರಗಳಲ್ಲಿ) ತೆಗೆದ ಸಮಯ ಪೂರ್ತಿ ಸೆಕೆಂಡಿಗೆ ನಿಲ್ಲುತ್ತದೆ, ಅದರ ಭಿನ್ನಾಂಶ ಬೇರೆ ಕಡೆ ಬರೆದಿರುತ್ತದೆ. ಮಾಂಗಲ್ಯ ಕಟ್ಟುವಾಗ ಸೆಕೆಂಡಿಗೆ 10 ಫ್ರೇಮಿನಂತೆ ಹೊಡೆದರೆ ಹತ್ತಕ್ಕೂ ಒಂದೇ ಹೆಸರು. ಆದ್ದರಿಂದ ಹೆಸರಿನಲ್ಲಿ ಮೂರು ಸಂಗತಿ ಇರಲಿ: ದಿನಾಂಕ, ಕ್ಯಾಮೆರಾದ ಗುರುತು, ಕ್ಯಾಮೆರಾ ಕೊಟ್ಟ ನಾಲ್ಕಂಕಿ. ‘20250511_ಎ_4417’ ಸಾಕು. ಆ ನಾಲ್ಕಂಕಿಯನ್ನು ಕಿತ್ತುಹಾಕಬೇಡಿ, ನಾಳೆ ಕಾರ್ಡಿಗೆ ತಾಳೆ ನೋಡಬೇಕಾದರೆ ಅದೊಂದೇ ಎಳೆ. ರಾ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಎಕ್ಸ್‌ಎಂಪಿ ಫೈಲಿದ್ದರೆ ಎರಡರ ಹೆಸರನ್ನೂ ಒಟ್ಟಿಗೇ ಬದಲಾಯಿಸಬೇಕು. ನೀವು ಮಾಡಿದ ತಿದ್ದುಪಡಿ ಇರುವುದು ಆ ಚಿಕ್ಕ ಫೈಲಿನಲ್ಲಿ. ಹೆಸರು ಬೇರೆಯಾದರೆ ನಂಟು ಕಡಿಯಿತು.

ಲೈಟ್‌ರೂಮ್ ಕ್ಲಾಸಿಕ್ ಎಂಬ ಫೋಟೊ ತಂತ್ರಾಂಶ ಬಳಸುವವರು ಇಂಪೋರ್ಟ್ ಪರದೆಯ ಬಲಗಡೆ ಇರುವ ‘ಡೋಂಟ್ ಇಂಪೋರ್ಟ್ ಸಸ್ಪೆಕ್ಟೆಡ್ ಡೂಪ್ಲಿಕೇಟ್ಸ್’ ಚೌಕಕ್ಕೆ ಟಿಕ್ ಹಾಕಿ ನಿರಾಳರಾಗುತ್ತಾರೆ. ಅದು ಒಳ್ಳೆಯ ಕಾವಲುಗಾರನೇ, ಆದರೆ ಅದು ಏನನ್ನು ನೋಡುತ್ತದೆ ಅನ್ನುವುದು ಗೊತ್ತಿರಬೇಕು. ಮೂಲ ಫೈಲ್ ಹೆಸರು, ಎಕ್ಸಿಫ್‌ನಲ್ಲಿರುವ ತೆಗೆದ ಸಮಯ, ಫೈಲಿನ ಗಾತ್ರ. ಈ ಮೂರೂ ಹೊಂದಿದರೆ ಮಾತ್ರ ನಕಲು. ನೀವು ಮೊದಲೇ ವಿಂಡೋಸ್‌ನಲ್ಲಿ ಕಾಪಿ ಮಾಡಿ ಹೆಸರಿಗೆ ಆವರಣದ 2 ಅಂಟಿಸಿದ್ದರೆ ಹೆಸರು ಹೊಂದುವುದಿಲ್ಲ, ಅದು ಒಳಗೆ ಬಂದುಬಿಡುತ್ತದೆ. ಜೆಪೆಗ್ ಒಳಗೆ ಕೀವರ್ಡ್ ಬರೆದಿದ್ದರೆ ಗಾತ್ರ ಹೊಂದುವುದಿಲ್ಲ. ಅದು ತಾಳೆ ನೋಡುವುದು ಈಗ ತೆರೆದಿರುವ ಕ್ಯಾಟಲಾಗಿನ (ಲೈಟ್‌ರೂಮ್ ಇಟ್ಟುಕೊಳ್ಳುವ ಫೋಟೊಗಳ ಪಟ್ಟಿಯ) ಜೊತೆ ಮಾತ್ರ. ಪ್ರತಿ ಮದುವೆಗೆ ಹೊಸ ಕ್ಯಾಟಲಾಗ್ ಮಾಡುವ ಸ್ಟುಡಿಯೋಗಳಲ್ಲಿ ಹಿಂದಿನ ಮದುವೆಯ ಫೋಟೊ ಕಾರ್ಡಿನಲ್ಲಿ ಉಳಿದಿದ್ದರೆ ಅವೂ ಹೊಸ ಗಿರಾಕಿಯ ಫೋಲ್ಡರಿಗೆ ಸೇರುತ್ತವೆ. ಒಬ್ಬರ ಮನೆಯ ಫೋಟೊ ಇನ್ನೊಬ್ಬರ ಪೆನ್‌ಡ್ರೈವಿನಲ್ಲಿ ಹೋಗುವುದು ಸಣ್ಣ ತಪ್ಪಲ್ಲ.

ಫೋನಿನದು ಬೇರೆಯೇ ಲೆಕ್ಕ. ಐಫೋನಿನ ಫೋಟೋಸ್ ಸೆಟ್ಟಿಂಗಿನಲ್ಲಿ ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಎಂಬ ಜಾಗವಿದೆ. ಅದು ಆಟೊಮ್ಯಾಟಿಕ್ ಇದ್ದರೆ ಎಚ್‌ಇಐಸಿ (ಐಫೋನ್ ಚಿತ್ರ ಉಳಿಸುವ ಬಗೆ) ಫೋಟೊ ದಾರಿಯಲ್ಲೇ ಜೆಪೆಗ್ ಆಗಿ ಬರಬಹುದು, ಕೀಪ್ ಒರಿಜಿನಲ್ಸ್ ಇದ್ದರೆ ಇದ್ದ ಹಾಗೇ ಬರುತ್ತದೆ. ಒಮ್ಮೆ ಹಾಗೆ, ಒಮ್ಮೆ ಹೀಗೆ ಇಳಿಸಿದರೆ ಒಂದೇ ಫೋಟೊಗೆ ಎರಡು ಬಗೆಯ ಫೈಲು, ಯಾವ ತಂತ್ರಾಂಶಕ್ಕೂ ಅವು ಅಕ್ಷರಶಃ ಒಂದೇ ಅಲ್ಲ. ಕೀಪ್ ಒರಿಜಿನಲ್ಸ್‌ಗೆ ಇಟ್ಟು ಅಲ್ಲೇ ಬಿಡಿ. ‘ಐಎಂಜಿ_1234’ರ ಜೊತೆ ‘ಐಎಂಜಿ_ಇ1234’ ಕಂಡರೆ ಎರಡನೆಯದು ನೀವು ಫೋನಿನಲ್ಲಿ ತಿದ್ದಿದ್ದು. ಅದೇ ಹೆಸರಿನ ಎಂಒವಿ ಫೈಲು ಲೈವ್ ಫೋಟೊದ ಚಲಿಸುವ ಭಾಗ. ಇವು ಜೋಡಿಗಳು, ನಕಲಲ್ಲ. ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುವ ಕ್ಯಾಮೆರಾದವಕ್ಕೂ ಇದೇ ಮಾತು.

ವಾಟ್ಸಾಪ್ ಫೋಟೊ ಮಾತ್ರ ಅಸಲಿನ ಸ್ಥಾನದಲ್ಲಿ ಕೂರಬಾರದು. ಫೋಟೊ ಅಂತಲೇ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಎಕ್ಸಿಫ್ ಕಿತ್ತುಹಾಕುತ್ತದೆ. ಆಂಡ್ರಾಯ್ಡ್‌ನಲ್ಲಿ ಕಳಿಸಿದ್ದರ ಒಂದು ಪ್ರತಿ ‘ಸೆಂಟ್’ ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ. ಹೆಸರಿನಲ್ಲಿ ‘ಡಬ್ಲ್ಯುಎ’ ಇರುವ ಫೈಲುಗಳನ್ನು ಹುಡುಕಿ ಬೇರೆ ಫೋಲ್ಡರಿಗೆ ಹಾಕಿ, ಅಸಲಿನ ಜೊತೆ ಬೆರೆಸಬೇಡಿ. ಹಾಗಂತ ಎಲ್ಲವನ್ನೂ ಅಳಿಸಲೂ ಬೇಡಿ: ನೆಂಟರು ಕಳಿಸಿದ ಅಜ್ಜಿಯ ಕೊನೆಯ ಹುಟ್ಟುಹಬ್ಬದ ಫೋಟೊಗೆ ನಿಮ್ಮಲ್ಲಿರುವ ಒಂದೇ ಪ್ರತಿ ಅದೇ ಆಗಿರಬಹುದು. ಗೂಗಲ್ ಟೇಕ್‌ಔಟ್‌ನಿಂದ (ಗೂಗಲ್‌ನಲ್ಲಿರುವ ನಮ್ಮ ಫೋಟೊಗಳನ್ನು ಒಟ್ಟಿಗೆ ಕೊಡುವ ಸೇವೆ) ಇಳಿಸಿಕೊಂಡವರಿಗೆ ಇನ್ನೊಂದು ಗಂಟು. ವರ್ಷದ ಫೋಲ್ಡರಿನಲ್ಲಿರುವ ಫೋಟೊ ಆಲ್ಬಮ್ಮಿನ ಫೋಲ್ಡರಿನಲ್ಲೂ ಇನ್ನೊಮ್ಮೆ ಬಂದಿರುತ್ತದೆ.

ಈಗಾಗಲೇ ಗುಡ್ಡೆ ಬಿದ್ದಿದ್ದರೆ ಗುಡಿಸುವ ಕ್ರಮ ಹೀಗೆ. ಎಲ್ಲವನ್ನೂ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಅದರ ಕೇಬಲ್ ಕಿತ್ತು ಪಕ್ಕಕ್ಕಿಡಿ. ಆಮೇಲೆ ನಕಲು ಹುಡುಕುವ ತಂತ್ರಾಂಶಗಳಾದ ಚ್ಕಾವ್ಕಾ ಅಥವಾ ಡೂಪ್‌ಗುರು ಹಾಕಿಕೊಳ್ಳಿ, ಎರಡೂ ಉಚಿತ. ಮೊದಲ ಸುತ್ತಿನಲ್ಲಿ ಹ್ಯಾಶ್ ಲೆಕ್ಕದಿಂದ ಮಾತ್ರ ಹುಡುಕಿ. ಹ್ಯಾಶ್ ಅಂದರೆ ಫೈಲಿನ ಎಲ್ಲ ಬೈಟುಗಳಿಂದ ತೆಗೆದ ಬೆರಳಚ್ಚು, ಒಂದು ಬೈಟ್ ಬದಲಾದರೂ ಬೇರೆಯಾಗುತ್ತದೆ. ಅನುಮಾನ ಬಂದ ಎರಡು ಫೈಲಿಗೆ ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆಜ್ಞೆ ಕೊಟ್ಟು ನೀವೇ ನೋಡಬಹುದು. ಅಸಲಿರುವ ಫೋಲ್ಡರನ್ನು ರೆಫರೆನ್ಸ್ ಅಂತ ಗುರುತು ಮಾಡಿ, ಆಗ ಅದರೊಳಗಿನದಕ್ಕೆ ತಂತ್ರಾಂಶ ಕೈಹಾಕುವುದಿಲ್ಲ. ಈ ಸುತ್ತಿನಲ್ಲಿ ಸಿಕ್ಕವು ನಿಜವಾದ ನಕಲುಗಳು.

ಎರಡನೇ ಸುತ್ತು, ನೋಡಲು ಒಂದೇ ಥರ ಇರುವ ಚಿತ್ರಗಳದ್ದು. ಇಲ್ಲಿ ಯಂತ್ರಕ್ಕೆ ಅಳಿಸುವ ಅಧಿಕಾರ ಕೊಡಲೇಬೇಡಿ. ಮಾಂಗಲ್ಯಧಾರಣೆಯ ಆ ಹತ್ತು ಫ್ರೇಮು ಅದಕ್ಕೆ ಒಂದೇ ಚಿತ್ರ. ನಾಲ್ಕನೆಯದರಲ್ಲಿ ಮದುಮಗಳ ಕಣ್ಣು ಮುಚ್ಚಿದೆ, ಏಳನೆಯದರಲ್ಲಿ ಅಕ್ಷತೆ ಗಾಳಿಯಲ್ಲಿದೆ, ಹಿಂದೆ ನಿಂತ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವುದು ಒಂಬತ್ತನೆಯದರಲ್ಲಿ ಮಾತ್ರ. ಅದನ್ನು ಮನುಷ್ಯರೇ ಕೂತು ನೋಡಬೇಕು. ಒಂದೇ ಚಿತ್ರದ ಎರಡು ಪ್ರತಿಯ ನಡುವೆ ಆರಿಸುವಾಗ ಪಿಕ್ಸೆಲ್ ಹೆಚ್ಚಿರುವುದು, ಎಕ್ಸಿಫ್ ಉಳಿದಿರುವುದು ಗೆಲ್ಲಲಿ. ‘ಮಾಡಿಫೈಡ್’ ದಿನಾಂಕ ನಂಬಬೇಡಿ, ಚಿತ್ರ ತಿರುಗಿಸಿ ಸೇವ್ ಮಾಡಿದರೂ ಅದು ಬದಲಾಗುತ್ತದೆ.

ಬೇಡವಾದದ್ದನ್ನು ಕೂಡಲೇ ಡಿಲೀಟ್ ಮಾಡದೆ ಒಂದು ಫೋಲ್ಡರಿಗೆ ಸರಿಸಿ, ಆಲ್ಬಮ್ ಪ್ರಿಂಟ್ ಆಗಿ ಮನೆಯವರ ಕೈ ಸೇರುವ ತನಕ ಇಟ್ಟುಕೊಳ್ಳಿ. ಲೈಟ್‌ರೂಮಿನಲ್ಲಿರುವ ಫೋಟೊವನ್ನು ಹೊರಗಿನಿಂದ ಸರಿಸಿದರೆ ಅಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ. ಆ ಚಿಹ್ನೆ ಒತ್ತಿ ‘ಲೊಕೇಟ್’ ಕೊಟ್ಟು, ಉಳಿಸಿಕೊಂಡ ಪ್ರತಿಯನ್ನು (ಅದು ಕ್ಯಾಟಲಾಗಿಗೆ ಆಗಲೇ ಸೇರಿಲ್ಲದಿದ್ದರೆ) ತೋರಿಸಿದರೆ ತಿದ್ದುಪಡಿಗಳೆಲ್ಲ ಮತ್ತೆ ಅದಕ್ಕೆ ಕೂಡಿಕೊಳ್ಳುತ್ತವೆ. ಮತ್ತೆ, ಆ ಕೇಬಲ್ ಕಿತ್ತಿಟ್ಟ ಡಿಸ್ಕನ್ನು ಈ ಹುಡುಕಾಟಕ್ಕೆ ಯಾವತ್ತೂ ಸೇರಿಸಬೇಡಿ. ತಂತ್ರಾಂಶದ ಕಣ್ಣಿಗೆ ನಿಮ್ಮ ಬ್ಯಾಕಪ್ ಅನ್ನುವುದು ಸಾವಿರಾರು ಡೂಪ್ಲಿಕೇಟುಗಳ ರಾಶಿ, ‘ಎಲ್ಲ ಆರಿಸು, ಅಳಿಸು’ ಅಂದರೆ ಅದನ್ನೇ ಮೊದಲು ಖಾಲಿ ಮಾಡಬಹುದು.