ಬೇಳೆಯ ಒಳಹರಿವು ಸೊನ್ನೆ ಕ್ಯೂಸೆಕ್

ಪತ್ರಿಕೋದ್ಯಮ ಓದಲು ಮೈಸೂರಿಗೆ ಬಂದ ಎರಡನೇ ತಿಂಗಳಲ್ಲೇ ನಾನು ಸಂಪಾದಕನಾದೆ. ಪತ್ರಿಕೆ ಅಂದರೆ ದೊಡ್ಡದೇನಲ್ಲ. ಎರಡು ಡ್ರಾಯಿಂಗ್ ಶೀಟು, ಒಂದಿಷ್ಟು ಸ್ಕೆಚ್ ಪೆನ್ನು, ಹಾಸ್ಟೆಲ್ ಊಟದ ಮನೆಯ ಗೋಡೆ. ಗೋಂದು ಖಾಲಿಯಾಗಿತ್ತು ಅಂತ ಮೊದಲ ಸಂಚಿಕೆಯನ್ನು ಅನ್ನದ ಅಗುಳಲ್ಲೇ ಅಂಟಿಸಿದೆವು. ಎಷ್ಟು ಗಟ್ಟಿಯಾಗಿ ಹಿಡಿಯಿತು ಅಂದರೆ, ಅದೇ ಒಂದು ಮುಖಪುಟ ಸುದ್ದಿಯಾಗಬಹುದಿತ್ತು.

ನಮ್ಮೂರು ಮಂಡ್ಯ ಕಡೆ. ಮನೆಯಲ್ಲಿ ಭತ್ತ, ಕಬ್ಬು. ಅಪ್ಪನಿಗೆ ಪತ್ರಿಕೆ ಅಂದರೆ ಒಂದೇ ಒಂದು ಚೌಕ: ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಸರ್ಕಾರವೇ ಬಿದ್ದು ಹೋಗಿದ್ದರೂ ಅವರು ಮೊದಲು ನೋಡುವುದು ಅದನ್ನೇ. ನನಗೆ ಫೋನ್ ಮಾಡಿದರೂ "ಊಟ ಆಯ್ತೇನ್ಲಾ" ಅನ್ನುವುದಕ್ಕೆ ಮುಂಚೆ "ಕಟ್ಟೆ ಎಷ್ಟಡಿ ಆಯ್ತಂತೆ" ಅಂತ ಕೇಳುತ್ತಾರೆ. ಮೈಸೂರಲ್ಲಿರುವ ಮಗ ದಿನಾ ಕಟ್ಟೆ ಮೇಲೆ ನಿಂತು ಅಳತೆ ಹಿಡಿಯುತ್ತಾನೆ ಅಂದುಕೊಂಡಿದ್ದಾರೋ ಏನೋ.

ಮಾಧ್ಯಮದ ಪಕ್ಷಪಾತದ ಬಗ್ಗೆ ಕ್ಲಾಸಿನಲ್ಲಿ ಮೂರು ಗಂಟೆ ಪಾಠವಾಯಿತು. ತಲೆಗೆ ಹತ್ತಿದ್ದು ಮಾತ್ರ ರೂಮಿನಲ್ಲಿ. ಅವತ್ತು ಕಟ್ಟೆ ನೂರಡಿ ಮುಟ್ಟಿತ್ತು. ನನ್ನ ರೂಮ್‌ಮೇಟ್ ಬೆಂಗಳೂರಿನವನು. ಅವನಿಗೆ ಕಾವೇರಿ ಅಂದರೆ ಬಚ್ಚಲುಮನೆಯ ನಲ್ಲಿ. "ಸೆಂಚುರಿ ಮಗಾ!" ಅಂತ ಕುಣಿದ. "ಇನ್ನೂ 24.80 ಅಡಿ ಬಾಕಿ ಇದೆ ಕಣೋ" ಅಂತ ನಾನು ತಲೆ ಮೇಲೆ ಕೈ ಹೊತ್ತೆ. ಇಬ್ಬರೂ ಸುಳ್ಳು ಹೇಳಲಿಲ್ಲ. ತಂಜಾವೂರಿನ ಕಡೆಯವನೊಬ್ಬ ರೂಮಲ್ಲಿದ್ದಿದ್ದರೆ "ಹೊರಹರಿವು ಎಷ್ಟು?" ಅಂತ ಮೂರನೇ ತಲೆಬರಹ ಕೊಡುತ್ತಿದ್ದ.

ನನ್ನನ್ನು ಕೆಡಿಸಿದ್ದೂ ಆ ಚೌಕವೇ. ನಮ್ಮ ಪತ್ರಿಕೆಗೂ ಒಂದು ಹಾಕಿದೆ. "ಸಾಂಬಾರಿನ ನೀರಿನ ಮಟ್ಟ: 124.80 ಅಡಿ. ಬೇಳೆಯ ಒಳಹರಿವು: ಸೊನ್ನೆ ಕ್ಯೂಸೆಕ್. ವಿದ್ಯಾರ್ಥಿಗಳ ಹೊರಹರಿವು: ಎದುರುಗಡೆ ಹೋಟೆಲಿಗೆ."

ಹುಡುಗರು ತಟ್ಟೆ ಹಿಡಿದುಕೊಂಡೇ ಓದಿ ನಕ್ಕರು. ಅಡುಗೆಯಣ್ಣನೂ ಓದಿದರು, ನಗಲಿಲ್ಲ. ರಾತ್ರಿ ನನ್ನ ತಟ್ಟೆಗೆ ಮಾತಿಲ್ಲದೆ ಎರಡು ಹಪ್ಪಳ ಜಾಸ್ತಿ ಹಾಕಿದರು. "ಬೇಳೆ ಎಷ್ಟು ಕೊಡ್ತಾರೋ ಅಷ್ಟೇ ಹಾಕೋದು ಕಣಪ್ಪಾ" ಅಂದರು, ಅಷ್ಟೇ. ಎರಡನೇ ಸಂಚಿಕೆಯ ತಲೆಬರಹ: "ಕೊಟ್ಟಷ್ಟೇ ಬೇಳೆ: ಅಡುಗೆಮನೆಯ ಅಳಲು". ರೂಮ್‌ಮೇಟ್ ಓದಿ, "ಒಂದು ಹಪ್ಪಳಕ್ಕೆ ಎಷ್ಟು ಅಕ್ಷರ ಮಗಾ?" ಅಂದ. ಅಡುಗೆಯಣ್ಣ ಹೇಳಿದ್ದು ನಿಜವೇ ಆಗಿತ್ತು, ಅದನ್ನೇ ಬರೆದೆ ಅಂತ ವಾದಿಸಿದೆ. ಬಾಯಲ್ಲಿ ಹಪ್ಪಳ ಇದ್ದಿದ್ದರಿಂದ ವಾದ ಸ್ಪಷ್ಟವಾಗಿ ಕೇಳಿಸಲಿಲ್ಲ.

ಬೇಳೆ ಎಷ್ಟು ಕೊಡಬೇಕು ಅನ್ನುವವರು ವಾರ್ಡನ್. ಅವರು ಕರೆಸಿದರು. ಇನ್ನು ಮೇಲೆ ಅಂಟಿಸುವ ಮುಂಚೆ ನನಗೆ ತೋರಿಸು ಅಂದರು. ನಾನು ಎದೆಯುಬ್ಬಿಸಿ, "ಸಾರ್, ಸಂವಿಧಾನದ 19(1)(ಎ), ವಾಕ್ ಸ್ವಾತಂತ್ರ್ಯ" ಅಂದೆ. ಅವರು ಕನ್ನಡಕ ಒರೆಸುತ್ತಾ, "ಅದರ ಕೆಳಗೇ 19(2) ಅಂತ ಒಂದಿದೆ, ಅದನ್ನೂ ಓದ್ಕೊಂಡು ಬಾ" ಅಂದರು. ಓದಿದೆ. ಆ ಸ್ವಾತಂತ್ರ್ಯಕ್ಕೆ ಯಾವ ಕಾರಣಕ್ಕೆ ಕಡಿವಾಣ ಹಾಕಬಹುದು ಅನ್ನುವ ಪಟ್ಟಿ ಅದು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ ಎಲ್ಲ ಇದೆ. ಸಾಂಬಾರು ಇಲ್ಲ. ಮಾನಹಾನಿ ಅಂತ ಒಂದಿದೆ. ಆದರೆ ಆ ಸಾಂಬಾರಿಗೆ ಮಾನ ಇದ್ದರೆ ತಾನೇ?

ಇನ್ನೇನು ಮಾಡೋದು? ಆ ವಾರವೇ ಕ್ಲಾಸಿನಲ್ಲಿ ಎರಡು ಕಥೆ ಕೇಳಿದ್ದೆವು. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಾಯ್ದೆ ತಂದಾಗ, ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಬಗ್ಗುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಸೆನ್ಸಾರ್ ವಿರೋಧಿಸಿ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ತಾತಯ್ಯನವರ ದಾರಿ ನನಗೆ ಕಷ್ಟ. ಪತ್ರಿಕೆ ನಿಲ್ಲಿಸಿದರೆ ಹಪ್ಪಳವೂ ನಿಲ್ಲುತ್ತಿತ್ತು. ಹಾಗಾಗಿ ಎಕ್ಸ್‌ಪ್ರೆಸ್ ದಾರಿ ಹಿಡಿದೆ.

ಮೂರನೇ ಸಂಚಿಕೆಯಲ್ಲಿ ನಟ್ಟನಡುವೆ ಒಂದು ದೊಡ್ಡ ಖಾಲಿ ಚೌಕ. ಸುತ್ತ ಕಪ್ಪು ಗೆರೆ. ವಾರ್ಡನ್ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಏನೂ ಇಲ್ವಲ್ಲ, ಹಾಕ್ಕೋ" ಅಂತ ಸಹಿ ಹಾಕಿದರು. ರಾತ್ರಿ ಅಂಟಿಸಿದೆ. ಬೆಳಗ್ಗೆ ಹಾಸ್ಟೆಲ್ ಪೂರ್ತಿ ಆ ಮೌನದ ಮುಂದೆ ನಿಂತು ಕುದಿಯುತ್ತದೆ ಅಂದುಕೊಂಡೇ ಮಲಗಿದೆ.

ಬೆಳಗ್ಗೆ ಹೋಗಿ ನೋಡಿದರೆ ಜನ ನಿಜವಾಗಿಯೂ ಸೇರಿದ್ದರು. ಚೌಕದೊಳಗೆ ಯಾರೋ ನೀಲಿ ಪೆನ್ನಲ್ಲಿ ದಪ್ಪಗೆ ಬರೆದಿದ್ದರು: "ಹಳೇ ಸೈಕಲ್ ಮಾರಾಟಕ್ಕಿದೆ. ಬ್ರೇಕ್ ಸ್ವಲ್ಪ ಲೂಸ್. ರೂಮ್ ನಂಬರ್ 14."

ಮಧ್ಯಾಹ್ನದೊಳಗೆ ಅದರ ಕೆಳಗೆ ಕಳೆದುಹೋದ ಬಕೆಟ್ಟು, ಎರಡು ಸಾಲು ನೋಟ್ಸು, ಒಂದು ಇಸ್ತ್ರಿ ಪೆಟ್ಟಿಗೆ ಬಂದು ಸೇರಿಕೊಂಡವು. ಸೈಕಲ್ ಸಂಜೆಗೇ ಹೋಯಿತಂತೆ. ರಾತ್ರಿ ಊಟಕ್ಕೆ ಕೂತಾಗ 14ನೇ ನಂಬರಿನವನು ಪಕ್ಕಕ್ಕೆ ಬಂದು, ನನ್ನ ಹಪ್ಪಳದ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ಕೇಳಿದ: "ಮುಂದಿನ ವಾರಾನೂ ಖಾಲಿ ಬಿಡ್ತೀಯಾ? ಹೆಲ್ಮೆಟ್ ಒಂದು ಉಳ್ಕೊಂಡಿದೆ."