ಯಂತ್ರದ ಮೇಲೊಂದು ಗೂಬೆ

ಮರ ಕೆತ್ತಲು ಒಂದು ಉಳಿ, ಒಂದು ಕೊಡತಿ ಸಾಕು ಎಂದು ಉಪದೇಶಿಸುವವರಲ್ಲಿ ಎರಡು ಬಗೆ. ಎಂದೂ ಕೆತ್ತದವರು ಮೊದಲನೆಯವರು. ಎಷ್ಟು ಕೆತ್ತಿದರೂ ಮಣಿಕಟ್ಟು ನೋಯದ ಪುಣ್ಯವಂತರು ಎರಡನೆಯವರು. ಎರಡರಲ್ಲೂ ಸೇರದ ನನ್ನಂಥವರು ಬೇಗನೆ ವಿದ್ಯುತ್ತಿನ ಮೊರೆ ಹೋಗುತ್ತೇವೆ. ಗುಂಡಿ ಒತ್ತಿದರೆ ಗೂಬೆ ಮೂಡುತ್ತದೆ ಎಂಬ ಭರವಸೆ ನಮ್ಮದು. ಮೊದಲು ಮೂಡುವುದು ಧೂಳು.

ಕಡಿಮೆ ದುಡ್ಡಿಗೆ ಯಾವ ಯಂತ್ರ ಒಳ್ಳೆಯದು ಎಂದು ನಾಲ್ಕು ಜನರನ್ನು ಕೇಳಿ ನೋಡಿ. ಪ್ರತಿಯೊಬ್ಬರೂ ತಮ್ಮ ಬಳಿ ಇರುವುದನ್ನೇ ಹೇಳುತ್ತಾರೆ. ನನ್ನ ಗೆಳೆಯನೊಬ್ಬ ಆಂಗಲ್ ಗ್ರೈಂಡರಿನ, ಅಂದರೆ ಕಬ್ಬಿಣ, ಕಲ್ಲು ಕತ್ತರಿಸುವವರ ಕೈಯಲ್ಲಿ ಕಿರುಚುವ ಯಂತ್ರದ ಭಕ್ತ. ನಾಲ್ಕು ಇಂಚಿನ ಗ್ರೈಂಡರಿಗೆ ಹಲ್ಲಿನ ತಟ್ಟೆ ಸಿಕ್ಕಿಸಿದರೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ದಿಮ್ಮಿ ಕರಗಿಹೋಗುತ್ತದೆ ಎಂದು ಅವನು ಬಣ್ಣಿಸಿದ. ಕರಗುವುದೇನೋ ನಿಜ. ಅವನು ಅಂಗೈಯಗಲದ ಆಮೆಯೊಂದನ್ನು ಕೆತ್ತಲು ಕುಳಿತು, ಆಮೆಯೂ ಇಲ್ಲದೆ ಮರವೂ ಇಲ್ಲದೆ ಎದ್ದುಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡ ಬಟ್ಟಲು ತೋಡುವವರಿಗೆ ಅದು ಸರಿ. ಆದರೆ ತಟ್ಟೆಯ ಹಲ್ಲು ಮರಕ್ಕೆ ಸಿಕ್ಕಿಕೊಂಡರೆ ಯಂತ್ರವೇ ಹಿಂದಕ್ಕೆ ಒದೆಯುತ್ತದೆ. ಅಗ್ಗ ಎನ್ನುವವರು ಬೆರಳುಗಳ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ವಿದ್ಯುತ್ ಉಳಿ ಎಂಬುದೂ ಇದೆ. ಇದರ ಅಲಗು ತಿರುಗುವುದಿಲ್ಲ, ಹಿಂದೆ ಮುಂದೆ ಕುಟ್ಟುತ್ತದೆ. ಮರಕ್ಕೆ ಒತ್ತಿದಾಗ ಮಾತ್ರ ಕೆಲಸ, ಇಲ್ಲವಾದರೆ ಸುಮ್ಮನೆ ಗುರುಗುಟ್ಟುತ್ತದೆ. ಧೂಳು ಕಡಿಮೆ, ಚಕ್ಕೆ ಹೆಚ್ಚು. ಮೊಣಕೈಯಿಂದ ಕಿವಿಯವರೆಗೆ ನಡುಕ ಉಚಿತ. ಅಲಗನ್ನು ಮಸೆಯಲು ಬರಬೇಕು ಎಂಬ ಷರತ್ತೂ ಇದೆ. ಅದು ಬರುತ್ತಿದ್ದರೆ ಇಲ್ಲಿಗೆ ಯಾರು ಬರುತ್ತಿದ್ದರು?

ಪೆನ್ನಿನಂತೆ ಹಿಡಿಯುವ ಮೈಕ್ರೋಮೋಟರನ್ನು ಪರಿಚಿತರೊಬ್ಬರಿಂದ ಕಡ ತಂದಿದ್ದೆ. ದಂತ ಪ್ರಯೋಗಾಲಯಗಳಲ್ಲೂ ಉಗುರು ತೀಡುವಲ್ಲಿಯೂ ಬಳಸುವ ಉಪಕರಣವದು. ಗರಿಯ ಎಳೆ ಎಳೆಯನ್ನೂ ಬಿಡಿಸಬಲ್ಲದು. ಚಾಲೂ ಮಾಡಿದ್ದೇ ತಡ, ಒಳಕೋಣೆಯಿಂದ ಅಮ್ಮ ಕೆನ್ನೆ ಹಿಡಿದುಕೊಂಡು ಬಂದರು.

“ಯಾರ ಹಲ್ಲೋ ಅದು?”

“ಗೂಬೆಯದಮ್ಮ.”

“ಗೂಬೆಗೆ ಹಲ್ಲೆಲ್ಲಿಯದು?” ಎಂದು ಅನುಮಾನದಿಂದ ನನ್ನನ್ನೇ ನೋಡಿದರು. ಸೂಕ್ಷ್ಮ ಕೆಲಸಕ್ಕೆ ಸೊಗಸಾದ ಯಂತ್ರ, ಆದರೆ ದಿಮ್ಮಿಯ ಮೈ ಇಳಿಸಲು ಅದನ್ನು ಹಿಡಿದು ಕುಳಿತರೆ ಮೊಮ್ಮಕ್ಕಳ ಕಾಲಕ್ಕೆ ಗೂಬೆಯ ತಲೆ ಮುಗಿದೀತು.

ಮೋಟರನ್ನು ಕೊಕ್ಕೆಗೆ ನೇತುಹಾಕಿ, ಬಳುಕುವ ಶಾಫ್ಟಿನ ತುದಿಯ ಹಿಡಿಯಿಂದ ಕೆತ್ತುವ ವ್ಯವಸ್ಥೆ ನನಗೆ ಎಲ್ಲಕ್ಕಿಂತ ಇಷ್ಟ. ಕೈಗೆ ಭಾರವಿಲ್ಲ, ತಿರುಗುವ ಬಲ ಹೆಚ್ಚು. ಶಾಫ್ಟನ್ನು ತೀರಾ ಬಗ್ಗಿಸಿದರೆ ಬಿಸಿಯಾಗುತ್ತದೆ ಎಂಬುದೊಂದೇ ಅದರ ಮುನಿಸು. ನಮ್ಮ ಮನೆಯಲ್ಲಿ ಮೇಜಿನ ಮೇಲೆ ಮೊಳೆ ಹೊಡೆಯಬಹುದಾದ ಜಾಗದಲ್ಲೆಲ್ಲ ಯಾರದೋ ತಲೆ ಬರುತ್ತಿತ್ತು. ಹಾಗಾಗಿ ಮೋಟರು, ತಿರುಗುವ ತುದಿ ಎರಡೂ ಒಂದರಲ್ಲೇ ಇರುವ, ಕೈಯಲ್ಲಿ ಹಿಡಿಯುವ ರೋಟರಿ ಟೂಲ್ ಬಂತು. 1932ರಲ್ಲಿ ಶುರುವಾದ ಡ್ರೆಮೆಲ್ ಕಂಪನಿಯ ಹೆಸರಿನಿಂದಲೇ ಹಲವರು ಇಂಥ ಎಲ್ಲ ಯಂತ್ರಗಳನ್ನೂ ಕರೆಯುತ್ತಾರೆ. ನನ್ನದು ಯಾವ ವಂಶದ್ದೆಂದು ಪೆಟ್ಟಿಗೆಯ ಮೇಲೂ ಸ್ಪಷ್ಟವಿಲ್ಲ. ವೇಗ ಮಾತ್ರ ನಿಮಿಷಕ್ಕೆ 5,000ದಿಂದ 35,000 ಸುತ್ತಿನವರೆಗೆ ಎಂದು ದಪ್ಪಕ್ಷರದಲ್ಲಿ ಬರೆದಿದೆ.

ಪೆಟ್ಟಿಗೆಯಲ್ಲಿ ಬಿಡಿಭಾಗಗಳ ಜಾತ್ರೆಯೇ ಇತ್ತು. ಕಬ್ಬಿಣ ಕತ್ತರಿಸುವ ಬಿಲ್ಲೆಗಳು, ಹೊಳಪು ಕೊಡುವ ಉಣ್ಣೆಯ ಗುಂಡುಗಳು, ಸಾಣೆಕಲ್ಲಿನ ಚೂರುಗಳು. ಮರಕ್ಕೆ ಒದಗುವುದನ್ನು ಹುಡುಕಿದರೆ ಉಜ್ಜುಕಾಗದದ ಪುಟ್ಟ ಕೊಳವೆಗಳು, ಯಂತ್ರದ ತುದಿಗೆ ಸಿಕ್ಕಿಸಿ ಕೆತ್ತುವ ಒಂದಿಷ್ಟು ಸಣ್ಣ ಬಿಟ್‌ಗಳು, ಅಷ್ಟೆ. ಸಾಣೆಕಲ್ಲನ್ನು ಮರಕ್ಕೆ ಹಿಡಿದರೆ ಅದು ಕೆತ್ತುವುದಿಲ್ಲ, ಹೊಗೆಯಾಡುತ್ತದೆ. ಮರ ಕೆತ್ತಲು ಬೇಕಾದದ್ದು ಟಂಗ್‌ಸ್ಟನ್ ಕಾರ್ಬೈಡಿನ ಮುಳ್ಳುಮುಳ್ಳಾದ ಬಿಟ್. ಒಳ್ಳೆಯ ಬಿಟ್ಟೊಂದರ ಬೆಲೆ ಕೇಳಿದರೆ ಅಗ್ಗದ ಯಂತ್ರ ನಾಚಿ ಪೆಟ್ಟಿಗೆಯೊಳಗೆ ಮುದುಡಿಕೊಳ್ಳಬೇಕು. ನನ್ನ ಹೆಂಡತಿ ಮನೆಯ ಲೆಕ್ಕದ ಪುಸ್ತಕದಲ್ಲಿ “ಯಂತ್ರ” ಎಂದು ಒಂದು ಸಾಲು ಬರೆದು, ಅದರ ಕೆಳಗೆ “ಇತರೆ” ಎಂದು ಇನ್ನೊಂದು ಸಾಲು ತೆರೆದಿದ್ದಳು. ಮೊದಲನೆಯದು ಅಲ್ಲಿಗೇ ನಿಂತಿದೆ. ಎರಡನೆಯದು ಪುಟ ದಾಟಿದೆ.

ದುಡ್ಡು ಕೊಡುವ ಮುಂಚೆ ಬಿಟ್ಟಿನ ಕಾಲನ್ನು, ಅಂದರೆ ಯಂತ್ರದೊಳಗೆ ಕೂರುವ ಕಡ್ಡಿಯ ದಪ್ಪವನ್ನು, ನೋಡಬೇಕು. ಇಂಥ ಯಂತ್ರಗಳಲ್ಲಿ ಬಿಟ್ಟನ್ನು ಕಚ್ಚಿಹಿಡಿಯುವ ಬಾಯಿ, ಅಂದರೆ ಕೊಲೆಟ್, ಸಾಮಾನ್ಯವಾಗಿ ಹಿಡಿಯುವುದು 3.2 ಮಿಲಿಮೀಟರಿನ ಕಾಲನ್ನು, 2.4ರದ್ದಕ್ಕೆ ಬೇರೆ ಕೊಲೆಟ್ ಬೇಕು. ನನ್ನ ತಮ್ಮ ಹುಟ್ಟುಹಬ್ಬಕ್ಕೆಂದು ಅಕ್ಕರೆಯಿಂದ ತಂದದ್ದು ಭಾರೀ ಗ್ರೈಂಡರಿಗೆ ಹೊಂದುವ 6 ಮಿಲಿಮೀಟರಿನ ಕಾಲಿನದು. ಈಗ ಅದು ವಿದ್ಯುತ್ ಬಿಲ್ಲುಗಳು ಹಾರದಂತೆ ಕಾಯುತ್ತಿದೆ. ಆರಂಭಕ್ಕೆ ಒರಟು ಹಲ್ಲಿನ ಸಿಲಿಂಡರ್ ಒಂದು, ದೀಪದ ಕುಡಿಯ ಆಕಾರದ್ದೊಂದು, ಸಣ್ಣ ಗುಂಡಿನದೊಂದು ಇದ್ದರೆ ಬೇಕಾದಷ್ಟಾಯಿತು. ನೂರು ಬಿಟ್‌ಗಳ ಸೆಟ್ಟನ್ನು ಕೊಳ್ಳುವವರು ಕೆತ್ತುವುದಕ್ಕಿಂತ ಜೋಡಿಸಿಡುವುದರಲ್ಲೇ ಸುಖ ಕಾಣುವವರು.

ವೇಗದ ತಿರುಪು ಇರುವುದು ಕೊನೆಯವರೆಗೆ ತಿರುಗಿಸಲಿಕ್ಕಲ್ಲ. ಬಿಟ್ ದಪ್ಪಗಿದ್ದಷ್ಟೂ ವೇಗ ಇಳಿಯಬೇಕು. ಉದ್ದ ಕಾಲಿನ ಬಿಟ್ಟನ್ನು ಪೂರ್ಣ ವೇಗದಲ್ಲಿ ಓಡಿಸಿದರೆ ಕಾಲು ಬಾಗಿ, ಬಿಟ್ಟಿನ ತಲೆ ಯದ್ವಾತದ್ವಾ ಬೀಸತೊಡಗುತ್ತದೆ. ಒತ್ತಿ ಹಿಡಿದರೆ ಮರ ಸುಟ್ಟು ಕಪ್ಪಾಗುತ್ತದೆ. ನನ್ನ ಗೂಬೆಯ ರೆಕ್ಕೆಯಲ್ಲಿರುವ ಕಪ್ಪು ಪಟ್ಟೆಗಳು ಸಹಜ ಬಣ್ಣವೆಂದು ನಾನು ಈಗಲೂ ವಾದಿಸುತ್ತೇನೆ.

ಕೊಕ್ಕು ಹಾರಿದ್ದಕ್ಕೆ ಮಾತ್ರ ಯಂತ್ರದ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ. ತಿರುಗುವ ಬಿಟ್ ಮರದ ನಾರು ಯಾವ ಕಡೆಗಿದೆ ಎಂದು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ, ಅದು ಎತ್ತಲಿಂದಲೂ ಕೆರೆಯುತ್ತದೆ. ಆದರೆ ಮುಂಚಾಚಿದ ತೆಳು ಭಾಗಕ್ಕೆ ನಾರು ಅಡ್ಡವಾಗಿದ್ದರೆ ಅದು ಟಕ್ಕನೆ ಮುರಿಯುತ್ತದೆ. ಹಾರಿದ ಕೊಕ್ಕು ಸಿಗಲೇ ಇಲ್ಲ. ಎರಡು ಚೂಪು ಕಿವಿ, ದುಂಡು ಕಣ್ಣು, ಕೊಕ್ಕಿಲ್ಲದ ಮುಖ. ಬಂದ ಅತಿಥಿಗಳು “ಬೆಕ್ಕು ಎಷ್ಟು ಮುದ್ದಾಗಿದೆ” ಎಂದರು. ನಾನು ಧನ್ಯವಾದ ಹೇಳಿ ಮೀಸೆ ಕೆತ್ತಿದೆ.

ತಮಾಷೆಯಿಲ್ಲದ ಒಂದು ಸಂಗತಿಯೆಂದರೆ ಧೂಳು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ಉಳಿಯ ಚಕ್ಕೆ ನೆಲಕ್ಕೆ ಬೀಳುತ್ತದೆ, ಬಿಟ್ಟಿನ ಪುಡಿ ಗಾಳಿಯಲ್ಲೇ ತೇಲುತ್ತದೆ. ಮುಖಕ್ಕೆ ಸುತ್ತಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ ಇರಲೇಬೇಕು. ಸಡಿಲ ತೋಳಿನ ಅಂಗಿ ಬೇಡ. ನನ್ನ ಪ್ರಕಾರ ಇವುಗಳನ್ನು ಯಂತ್ರಕ್ಕಿಂತ ಮೊದಲೇ ಕೊಳ್ಳಬೇಕು.

ಧೂಳು ಹೀರಲೆಂದು ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಮೇಜಿನ ಅಂಚಿಗೆ ಕಟ್ಟಿದೆ. ನಯವಾದ ಪುಡಿಗೆ ಅದರ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆದರೂ ಅದು ಆ ಮೇಜು ಬಿಟ್ಟು ಕದಲುತ್ತಿಲ್ಲ. ಮನೆ ಗುಡಿಸಲು ಹೊಸ ಪೊರಕೆ ಬಂದಿದೆ.

“ರೀ, ಪೊರಕೆಯನ್ನೂ ಇತರೆಗೇ ಬರೆಯಲೇ?” ಎಂದು ಹೆಂಡತಿ ಪುಸ್ತಕ ಬಿಡಿಸಿ ಕುಳಿತಿದ್ದಾಳೆ.