ಟೈಮ್‌ಲೆಸ್ ಊಟ, ಸಮಯ 12ರಿಂದ 3.30

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ಹೊಸ ಹೋಟೆಲ್ ಶುರುವಾಗಿದೆ. ತಪ್ಪಾಯ್ತು, ಹೋಟೆಲ್ ಅನ್ನಬಾರದಂತೆ, ‘ಡೈನಿಂಗ್ ಎಕ್ಸ್‌ಪೀರಿಯನ್ಸ್’ ಅನ್ನಬೇಕಂತೆ. ಬೋರ್ಡಿನ ಮೇಲೆ ದೊಡ್ಡದಾಗಿ ‘ಟೈಮ್‌ಲೆಸ್’ ಎಂದು ಬರೆಸಿದ್ದಾರೆ. ಅದರ ಕೆಳಗೇ ಸಣ್ಣಕ್ಷರದಲ್ಲಿ ಮಧ್ಯಾಹ್ನ 12ರಿಂದ 3.30, ರಾತ್ರಿ 7ರಿಂದ 11, ಮಂಗಳವಾರ ರಜೆ.

ಇದೇ ಕಟ್ಟಡದಲ್ಲಿ ಮೂರು ವರ್ಷದ ಹಿಂದೆ ಇನ್ನೊಂದು ಟೈಮ್‌ಲೆಸ್ ಇತ್ತು. ಆಗ ಟೈಮ್‌ಲೆಸ್ ಅಂದ್ರೆ ಕಪ್ಪು ಗ್ರಾನೈಟು, ಬಂಗಾರದ ಬಣ್ಣದ ಫಾಲ್ಸ್ ಸೀಲಿಂಗು, ಸುತ್ತ ನೀಲಿ ಎಲ್‌ಇಡಿ ಪಟ್ಟಿ. ಅದಕ್ಕೂ ಮುಂಚೆ ಇಟ್ಟಿಗೆ ಚಿತ್ರದ ವಾಲ್‌ಪೇಪರು, ವೈರಿಗೆ ನೇತುಬಿದ್ದ ಬಲ್ಬು. ಕಾಲ ಇದನ್ನು ಮುಟ್ಟೋದಿಲ್ಲ ಅಂತ ಇವರು ಹೇಳೋದು ಸುಳ್ಳಲ್ಲ. ಅದು ಮುಟ್ಟೋಕೆ ಬರುವ ಮೊದಲೇ ಇವರೇ ಒಡೆಸಿ ಹಾಕಿರ್ತಾರೆ.

ಈ ಸಲದ ಟೈಮ್‌ಲೆಸ್ ಅಂದ್ರೆ ಹಳ್ಳಿ ಮನೆ. ಮಾಲೀಕ ನನ್ನ ಜೊತೆ ಶಾಲೆಗೆ ಬಂದವನು. ಡಿಸೈನರ್ ಬೆಂಗಳೂರಿನಿಂದ ಬಂದಿದ್ದರಂತೆ, ಎರಡು ವಾರ ಸುತ್ತಮುತ್ತಲಿನ ಊರು ತಿರುಗಿ ಎತ್ತಿನಗಾಡಿಯ ಗಾಲಿ, ಬೀಸೋಕಲ್ಲು, ಕಂದೀಲು, ತಾಮ್ರದ ಹಂಡೆ, ಮೊರ ಎಲ್ಲಾ ಗುಡ್ಡೆ ಹಾಕಿಸಿದರಂತೆ. ಮೂರು ತಾಳಿನ ಕೂರಿಗೆಯೊಂದು ಈಗ ಛಾವಣಿಯಿಂದ ತಲೆಕೆಳಗಾಗಿ ತೂಗುತ್ತಿದೆ. ಒಂದೊಂದು ತಾಳಿಗೂ ಒಂದು ಬಲ್ಬು. ಜೋಳ ಬಿತ್ತುತ್ತಿದ್ದ ಕೂರಿಗೆ ಕೆಳಗೆ ಕೂತು ಅದೇ ಜೋಳದ ರೊಟ್ಟಿ ತಿನ್ನಬೇಕು, ಒಂದಕ್ಕೆ 65 ರೂಪಾಯಿ, ಅಂಗೈ ಅಗಲ.

ಬೆಳಕಿನ ವಿಷಯ ಕೇಳಬೇಡಿ. ‘2700 ಕೆಲ್ವಿನ್, ವಾರ್ಮ್ ಲೈಟ್’ ಅಂದ ಮಾಲೀಕ. ಅದು ಬೆಳಕಿನ ಬಣ್ಣದ ಲೆಕ್ಕ, ಹಳದಿಯಾಗಿ ಕಣ್ಣಿಗೆ ಹಿತವಾಗಿರುತ್ತೆ ನಿಜ. ಆದರೆ ಪಕ್ಕದಲ್ಲಿ ಕೂತವರ ಮುಖ ಕಾಣಬಾರದು ಅಂತ ಯಾವ ಕೆಲ್ವಿನ್ನೂ ಹೇಳಿಲ್ಲ, ಅಲ್ವಾ? ನಾವು ಹೋದ ದಿನ ನಾಲ್ಕು ಟೇಬಲ್‌ಗಳಲ್ಲಿ ಮೊಬೈಲ್ ಟಾರ್ಚು ಹಚ್ಚಿ ಮೆನು ಓದುತ್ತಿದ್ದರು. ಮೆನುವಿನ ಒಂದೊಂದು ಸಾಲೂ ನಮ್ಮ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮಿನಷ್ಟು ಉದ್ದ. ಈ ತುದಿಯಲ್ಲಿ ‘ನಿಧಾನ ಬೆಂಕಿಯಲ್ಲಿ ಬೆಂದ, ಶೇಂಗಾ-ಎಳ್ಳಿನ ಪರಿಮಳದ’ ಅಂತ ಹೊರಟು, ಆ ತುದಿ ಮುಟ್ಟುವ ಹೊತ್ತಿಗೆ ಬದನೆಕಾಯಿ ಸಿಗುತ್ತೆ.

ಬಾಗಿಲ ಹತ್ತಿರ ಎರಡು ಲಕ್ಕುಂಡಿ ಕಂಬ ನಿಲ್ಲಿಸಿದ್ದಾರೆ. ಬೆರಳಿನಿಂದ ತಟ್ಟಿದೆ, ಖಾಲಿ ಡಬ್ಬಿ ಸದ್ದು ಬಂತು. ಫೈಬರ್. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇನ್ನೂ ನಿಂತಿದೆ, ಗದಗಿನಿಂದ ಹತ್ತು-ಹನ್ನೆರಡು ಕಿಲೋಮೀಟರ್ ಅಷ್ಟೇ. ಅಲ್ಲಿ ಕಲ್ಲನ್ನು ಚರಕಿ ಹಿಡಿದ ಹಾಗೆ ತಿರುಗಿಸಿ, ನುಣುಪು ಮಾಡಿದ ಕಂಬಗಳಿವೆ. ಇಲ್ಲಿಯ ಕಂಬದ ಬುಡದಲ್ಲಿ ಆಗಲೇ ಒರೆಸೋ ಕೋಲಿನ ಏಟಿಗೆ ಬಣ್ಣ ಎದ್ದು, ಒಳಗಿನ ಬಿಳಿ ಕಾಣ್ತಿತ್ತು.

ಕೂರುವುದು ಇನ್ನೊಂದು ಕಥೆ. ಊಟದ ಟೇಬಲ್ ಎತ್ತರ ಸುಮಾರು 75 ಸೆಂಟಿಮೀಟರ್, ಕುರ್ಚಿ 45 ಅಂತ ಯಾವ ಬಡಗಿಯನ್ನು ಕೇಳಿದರೂ ಹೇಳ್ತಾನೆ. ನಡುವಿನ 30 ಸೆಂಟಿಮೀಟರಿನಲ್ಲೇ ಮನುಷ್ಯ ನೆಟ್ಟಗೆ ಕೂತು ಉಣ್ಣೋದು. ಇಲ್ಲಿ ಹಾಲಿನ ಬಣ್ಣದ ಸೋಫಾ, ಕೂತರೆ ಹೊಂಡಕ್ಕೆ ಬಿದ್ದ ಹಾಗೆ. ಮುಂದೆ ಮೊಣಕಾಲೆತ್ತರದ ಟೇಬಲ್. ಖಡಕ್ ರೊಟ್ಟಿ ಮುರಿಯಲು ಬಗ್ಗಿದರೆ ಹೊಟ್ಟೆ ಬಿಡುವುದಿಲ್ಲ, ಬಗ್ಗದೆ ಮುರಿದರೆ ಚೂರು ಸೋಫಾ ಸೇರುತ್ತದೆ. ಎಣ್ಣೆಗಾಯಿ ತಿನ್ನುವ ಊರಿಗೆ ಬಿಳಿ ಸೋಫಾ ತಂದ ಆ ಪುಣ್ಯಾತ್ಮರು ಚಮಚದಲ್ಲೇ ಉಂಡಿರಬೇಕು. ಕೈ ತೊಳೆಯೋಕೆ ಹಂಡೆ ಕೊರೆದು ಬೇಸಿನ್ ಮಾಡಿದ್ದಾರೆ, ನೀರು ಸಿಡಿದು ಅಂಗಿ ತೋಯುತ್ತದೆ. ಇರಲಿ.

ಮತ್ತೆ ಸದ್ದು. ಕೆಳಗೆ ಶಹಾಬಾದ್ ಪರಸಿ, ಒಂದು ಕಡೆ ಪೂರ್ತಿ ಗಾಜು, ಒಂದು ಪರದೆ ಇಲ್ಲ, ಒಂದು ಜಮಖಾನ ಇಲ್ಲ. (ನವಲಗುಂದದ ಜಮಖಾನ ಇತ್ತು, ಆದರೆ ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದು, ಮೇಲೆ ಗಾಜು ಕೂರಿಸಿದ್ದಾರೆ.) ನಮ್ಮ ಮಂದಿಗೆ ಮೆತ್ತಗೆ ಮಾತಾಡೋ ರೂಢಿಯೇ ಇಲ್ಲ. ಮೂಲೆಯಲ್ಲಿ ಯಾರದೋ ಪ್ಲಾಟಿನ ವ್ಯವಹಾರ ನಡೆದಿತ್ತು, ಮೂರನೇ ಟೇಬಲಿನವರು ಕೂತಲ್ಲಿಂದಲೇ ರೇಟ್ ಹೇಳಿದರು.

ನನ್ನ ಜೊತೆ ಅವ್ವ ಬಂದಿದ್ದಳು. ಬಂದಾಗಿನಿಂದ ಮೊರ, ಕಂದೀಲು ನೋಡಿ ‘ಇವೆಲ್ಲಾ ಇಲ್ಲ್ಯಾಕ ಬಂದಾವು?’ ಅಂತಿದ್ದವಳು ಊಟ ಬಂದ ಮೇಲೆ ಸುಮ್ಮನಾದಳು. ನಮ್ಮ ಟೇಬಲ್ ಒಂದು ಹಳೇ ಸಾಗವಾನಿ ಬಾಗಿಲು, ಮಲಗಿಸಿ ಕಾಲು ಹಚ್ಚಿ ಮೇಲೆ ಗಾಜು ಹಾಕಿದ್ದು. ಅವ್ವ ತಾಟು ಸರಿಸಿದಳು. ಗಾಜಿನ ಮೇಲೆ ಬೆರಳಾಡಿಸುತ್ತಾ ಒಂದು ಮೂಲೆಗೆ ಬಂದು ನಿಂತಳು. ಅಲ್ಲಿ ಕಟ್ಟಿಗೆಯಲ್ಲಿ ಕುಡಗೋಲಿನಿಂದ ಎಳೆದ ಸಣ್ಣ ಗೀರುಗಳು, ಸಾಲಾಗಿ.

ನರಗುಂದದ ಕಡೆಯ ನಮ್ಮ ಹಳ್ಳಿ ಮನೆ 2019ರ ಆಗಸ್ಟಿನ ಮಳೆಗೆ ಕೂತಿತ್ತು. ಮಲಪ್ರಭೆ ಇಳಿದ ಮೇಲೆ ಹೊಸದಾಗಿ ಆರ್‌ಸಿಸಿ ಕಟ್ಟಿಸುವಾಗ ಜಂತಿ, ತೊಲೆ, ಬಾಗಿಲು ಎಲ್ಲಾ ಗುಜರಿಯವನಿಗೆ ಕೊಟ್ಟವನು ನಾನೇ. ಎಲ್ಲಾ ಸೇರಿ 4500 ರೂಪಾಯಿ, ಜಾಸ್ತಿಯೇ ಬಂತು ಅಂತ ಖುಷಿಪಟ್ಟಿದ್ದೆ. ಇದು ಅದೇ ಬಾಗಿಲೋ ಅಲ್ಲವೋ, ನಾನಂತೂ ಆಣೆ ಮಾಡಲಾರೆ. ಹಳೇ ಬಾಗಿಲೆಲ್ಲಾ ಒಂದೇ ಥರ ಇರ್ತವೆ.

ವೇಟರ್ ಹುಡುಗ ಓಡಿ ಬಂದ. ‘ಏನಾತ್ರಿ ಅಮ್ಮಾರ? ಅದು ಡಿಸೈನ್ ಐತ್ರಿ, ರಸ್ಟಿಕ್ ಫಿನಿಶ್.’

‘ಡಿಸೈನ್ ಅಲ್ಲೋ ತಮ್ಮಾ, ಹಾಲಿನ ಲೆಕ್ಕ ಅದು. ಆಚಿ ಮನಿಯವರು ಕೊಡಬೇಕಾಗಿದ್ದು.’

ಹುಡುಗ ನನ್ನ ಮುಖ ನೋಡಿದ. ನಾನು ಛಾವಣಿಯ ಕೂರಿಗೆ ನೋಡಿದೆ. ಆಮೇಲೆ ಬಿಲ್ ಬಂತು, ಇಬ್ಬರ ಊಟಕ್ಕೆ 1860 ರೂಪಾಯಿ, ಜಿಎಸ್‌ಟಿ ಬೇರೆ. ನಾನು ಕಾರ್ಡ್ ಹುಡುಕುತ್ತಿದ್ದೆ. ಅವ್ವ ನನ್ನ ಮೊಬೈಲ್ ಇಸಕೊಂಡು ಟಾರ್ಚು ಹಚ್ಚಿ, ಗೀರುಗಳನ್ನು ಮೊದಲಿನಿಂದ ಇನ್ನೊಮ್ಮೆ ಎಣಿಸುತ್ತಿದ್ದಳು.